ಕೆಳಗಿಂದ ಮೇಲಕ್ಕೆ ಬರೆದವಳು

ಟೀಚರ್ ಆಕೆಯನ್ನು ಮೊದಲು ಕಂಡದ್ದು ಕಿಟಕಿಯಲ್ಲಿ. ಅದು ಮೂರನೇ ಮಹಡಿಯ ಕಿಟಕಿ, ಆಕೆ ಇದ್ದದ್ದು ಅದರ ಹೊರಗಡೆ.

ಸಂಜೆ ಐದೂವರೆ ಆಗಿತ್ತು. ದುಡಿಯುವವರಿಗಾಗಿ ನಡೆಯುವ ಆ ಸಂಜೆ ಶಾಲೆಗೆ ಟೀಚರ್ ಸೇರಿ ಒಂಬತ್ತನೇ ದಿನ. ಹಿಂದಿನ ತರಗತಿಯವರು ಬೋರ್ಡಿನ ತುತ್ತತುದಿಯಲ್ಲಿ ಬರೆದುಹೋಗಿದ್ದ ಲೆಕ್ಕವನ್ನು ಒರೆಸಲು ಕುರ್ಚಿ ಹತ್ತಿ ನಿಂತಿದ್ದಳು. ಎಡಗೈ ಗೋಡೆಗೆ, ಬಲಗೈಯಲ್ಲಿ ಡಸ್ಟರ್, ಮೂಗಿನ ತುಂಬ ಸೀಮೆಸುಣ್ಣದ ಪುಡಿ. ಗಾಜಿನ ಮೇಲೆ ಕಬ್ಬಿಣ ತಾಗಿದಂತೆ ಟಕ್ ಟಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಒಂದು ಹಳದಿ ಹೆಲ್ಮೆಟ್ಟು, ಅದರ ಕೆಳಗೆ ಬಿಸಿಲಿಗೆ ಕಂದಿದ ಅಗಲವಾದ ಮುಖ, ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡ, ನಟ್ಟು ಬಿಗಿಯುವ ಪಾನಾ.

“ಆ ಕುರ್ಚಿಗೆ ಒಂದು ಕಾಲು ಗಿಡ್ಡ. ಮೊದಲು ಇಳೀರಿ, ಹೆದರ್ಕೊಳ್ಳೋದು ಆಮೇಲೆ,” ಎಂದಿತು ಮುಖ.

ಟೀಚರ್ ಇಳಿದಳು. ಇಳಿದ ಮೇಲೆ ಕಿಟಕಿ ತೆರೆದಳು.

“ಇಲ್ಲಿ ಇಂಗ್ಲಿಷ್ ಹೇಳ್ಕೊಡೋರು ಯಾರು?”

“ನಾನೇ.”

“ನೀವಾ? ನಮ್ಮ ಮಗಳಿಗಿಂತ ನಾಲ್ಕು ವರ್ಷ ದೊಡ್ಡೋರಿರಬಹುದು ಅಷ್ಟೆ. ಹೋಗ್ಲಿ ಬಿಡಿ. ನನಗೆ ಹತ್ತೋ ಮಾತುಗಳು ಬೇಕು. ಹತ್ತೋದು, ಏರೋದು, ಎತ್ತೋದು, ಅದಕ್ಕೆಲ್ಲ ಇಂಗ್ಲಿಷಲ್ಲಿ ಏನೇನಂತಾರೋ ಅಷ್ಟು ಸಾಕು. ಇಳಿಯೋದು ಬೇಡ. ಎಷ್ಟು ದಿನ ಆಗುತ್ತೆ?”

“ಮೊದಲು ಕೆಳಗೆ ಆಫೀಸಿಗೆ ಹೋಗಿ ಹೆಸರು ಬರೆಸಬೇಕು. ಬಾಗಿಲಿಂದ ಬನ್ನಿ.”

“ಮೂರು ಮಹಡಿ ಇಳಿದು ಮತ್ತೆ ಮೂರು ಮಹಡಿ ಹತ್ತಬೇಕಾ? ಬಂದಾಯ್ತಲ್ಲ!” ಎಂದು ಆಕೆ ಸೊಂಟದ ಬೆಲ್ಟಿನ ಕೊಕ್ಕೆಯನ್ನು ಪೈಪಿನಿಂದ ಬಿಡಿಸಿ, ಕಿಟಕಿಯ ಚೌಕಟ್ಟಿಗೆ ಕಾಲಿಟ್ಟು ಒಳಗಿಳಿದು, ಮುಂದಿನ ಬೆಂಚಿನಲ್ಲಿ ಕೂತೇಬಿಟ್ಟಳು. ಹೆಲ್ಮೆಟ್ಟನ್ನು ತೆಗೆದು ಪಕ್ಕಕ್ಕಿಟ್ಟಾಗ ಟೀಚರ್ ನೋಡಿದಳು. ಹಣೆಯ ನೇರಕ್ಕೆ ಯಾರೋ ಕಪ್ಪು ಬಣ್ಣದಲ್ಲಿ ಬಾಲ ಸುತ್ತಿದ ಒಂದು ಉಡವನ್ನು ಬರೆದಿದ್ದರು.

ಹಾಗಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಏನಿದ್ದರೂ ಟೀಚರಿಗೆ ಆಕೆ ಅಂದಿನಿಂದಲೇ ಉಡದಕ್ಕ.

ಆ ಹೆಸರು ಮೇಸ್ತ್ರಿ ಇಟ್ಟದ್ದು. ಉಡದಕ್ಕ ಸಾರುವೆ ಕಟ್ಟುವವಳು. ಕಟ್ಟಡದ ಗೋಡೆಗುಂಟ ಪೈಪು ನಿಲ್ಲಿಸಿ, ಅಡ್ಡ ಪೈಪು ಬಿಗಿದು, ಹಲಗೆ ಹಾಸಿ, ಗಾರೆಯವರಿಗೂ ಬಣ್ಣದವರಿಗೂ ನಿಲ್ಲಲು ಜಾಗ ಮಾಡಿಕೊಡುವ ಕೆಲಸ. ಹತ್ತೊಂಬತ್ತರ ವಯಸ್ಸಿನಲ್ಲಿ ಪೈಪಿಗೆ ಪೈಪು ಜೋಡಿಸುವ ಕ್ಲಾಂಪುಗಳನ್ನು ಬುಟ್ಟಿಯಲ್ಲಿ ಹೊತ್ತು ಗಂಡಸರಿಗೆ ಕೊಡಲು ಸೇರಿದ್ದಳು. ಗಂಡಸರು ಇಳಿದು ತೆಗೆದುಕೊಳ್ಳಲು ಸೋಮಾರಿಗಳು, ಇವಳೇ ಹತ್ತಿ ಕೊಡಬೇಕಿತ್ತು. ಒಂದು ದಿನ ಬಿಗಿಯುವವನು ಚಹಾಕ್ಕೆ ಹೋದವನು ತಿರುಗಿ ಬರಲಿಲ್ಲ. ಕಾದು ಕಾದು ಇವಳೇ ನಾಲ್ಕು ಕ್ಲಾಂಪು ಬಿಗಿದಳು. ಮೇಸ್ತ್ರಿ ಬಂದು ಪೈಪನ್ನು ಅಲ್ಲಾಡಿಸಿ ನೋಡಿದ. ಪೈಪಿನ ಬದಲು ಅವನೇ ಅಲ್ಲಾಡಿದ. ಮರುದಿನದಿಂದ ಪಾನಾ ಇವಳ ಕೈಗೆ ಬಂತು. ಒಮ್ಮೆ ಬಿರುಗಾಳಿಗೆ ಕಾಲಡಿಯ ಹಲಗೆ ಹಾರಿಹೋದಾಗ ಕಾಲು ಗಂಟೆ ಪೈಪನ್ನು ಅಪ್ಪಿಕೊಂಡೇ ಇದ್ದಳು. ಕೆಳಗಿಳಿಸಿದ ಮೇಲೆ ಮೇಸ್ತ್ರಿ, “ಇದು ಹೆಂಗಸಲ್ಲಪ್ಪ, ಉಡ! ಹಿಡಿದ ಪಟ್ಟು ಬಿಡಲ್ಲ,” ಎಂದ. ಅದೇ ನಿಂತಿತು. ಇಪ್ಪತ್ತೆರಡು ವರ್ಷವಾಯಿತು. ಆಕೆ ಕಟ್ಟಿದ ಸಾರುವೆಯಿಂದ ಒಬ್ಬರೂ ಬಿದ್ದಿಲ್ಲ.

ಈಗ ಶಾಲೆಯ ಹೊರಗೋಡೆಯ ಕೆಲಸಕ್ಕೆ ಹೊಸದಾಗಿ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಬಂದಿದ್ದರು. ಎಲ್ಲರ ಬಾಯಲ್ಲಿ ಸೇಫ್ಟಿ ಸಾಹೇಬರು. ಅವರು ತಂದ ನಿಯಮ ಒಂದೇ: ಸಾರುವೆಯ ಎರಡನೇ ಮಟ್ಟಕ್ಕಿಂತ ಮೇಲೆ ಹೋಗುವವರಿಗೆ ಹಸಿರು ಕಾರ್ಡು ಇರಬೇಕು. ಕಾರ್ಡಿಗೆ ಪರೀಕ್ಷೆ. ಎಚ್ಚರಿಕೆಯ ಫಲಕಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಅವರು ಹತ್ತು ಚಿತ್ರ ತೋರಿಸುತ್ತಾರೆ, ಹತ್ತಕ್ಕೂ ಪದ ಬರೆಯಬೇಕು, ಎಂಟು ಸರಿಯಿದ್ದರೆ ಪಾಸು. ಫೇಲಾದ ಗಂಡಸರು ಕೆಳಗೆ ನಿಂತು ಪೈಪು ಕೊಡಬಹುದು. ಉಡದಕ್ಕನಿಗೆ ಮಾತ್ರ ಸಾಹೇಬರು ಮೊದಲೇ ಹೇಳಿದ್ದರು: “ನಿಮಗೆ ಗುಡಿಸೋ ಕೆಲಸ ಇಟ್ಟಿರ್ತೀನಮ್ಮ, ಚಿಂತೆ ಮಾಡ್ಬೇಡಿ.”

“ಚಿಂತೆ ಮಾಡ್ಬೇಡಿ ಅಂದ್ರು ನೋಡಿ, ಅಲ್ಲಿ ಉರೀತು ನನಗೆ,” ಎಂದಳು ಉಡದಕ್ಕ. “ಪೊರಕೆ ಹಿಡಿಯೋದು ಅವಮಾನ ಅಂತಲ್ಲ ಟೀಚರಮ್ಮ. ಮನೇಲಿ ದಿನಾ ಹಿಡೀತೀನಿ. ಆದ್ರೆ ನಾನು ಕಟ್ಟಿದ ಸಾರುವೆ ಕೆಳಗೆ ನಿಂತು, ಬೇರೆಯವರ ಕಾಲಿಂದ ಉದುರಿದ ಮಣ್ಣು ಗುಡಿಸು ಅಂದ್ರೆ ಆಗಲ್ಲ.”

ಪರೀಕ್ಷೆಗೆ ಐದು ವಾರವಿತ್ತು. ಆಕೆಗೆ ಅಕ್ಷರಗಳು ಗೊತ್ತಿದ್ದವು. ಗಂಡ ದರ್ಜಿ, ಅಳತೆ ಚೀಟಿ ಓದಿ ಓದಿ ಅಭ್ಯಾಸವಾಗಿತ್ತು. ಸೇಫ್ಟಿ ಸಾಹೇಬರು ಹಂಚಿದ್ದ ಕೈಪಿಡಿಯಲ್ಲಿ ಹತ್ತುವವರಿಗೆಂದು ಕೊಟ್ಟಿದ್ದ ಹತ್ತು ಪದಗಳನ್ನು ಟೀಚರ್ ಬೋರ್ಡಿನಲ್ಲಿ ಬರೆದಳು. ಸ್ಟೆಪ್, ರಂಗ್, ಲ್ಯಾಡರ್, ಕ್ಲೈಂಬ್, ಮೌಂಟ್, ಕ್ಲಾಂಬರ್, ಹಾಯ್ಸ್ಟ್, ರೈಸ್, ರೇಸ್, ಅಸೆಂಡ್.

“ಹತ್ತೋದಕ್ಕೆ ಇಷ್ಟೊಂದಾ? ಇವರು ಹತ್ತಿದ್ದಕ್ಕಿಂತ ಹೆಸರಿಟ್ಟಿದ್ದೇ ಜಾಸ್ತಿ ಅನ್ಸುತ್ತೆ.”

“ನಮ್ಮಲ್ಲೂ ಇಲ್ವಾ ಅಕ್ಕ? ಹತ್ತು, ಏರು, ಎತ್ತು, ಎಗರು...”

“ಅದು ಹೌದು. ಸರಿ, ಒಂದೊಂದಾಗಿ ಹೇಳಿ. ಕೈ ಕಾಲಲ್ಲಿ ಮಾಡಿ ತೋರ್ಸಿ, ಬರೀ ಬಾಯಲ್ಲಿ ಹೇಳಿದ್ರೆ ನನಗೆ ಹಿಡಿಯಲ್ಲ.”

ಟೀಚರ್ ಹಳ್ಳಿಯಲ್ಲಿ ಬೆಳೆದವಳು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ತಾನು ಪದಗಳನ್ನು ಉರು ಹೊಡೆದೇ ಕಲಿತದ್ದು. ಮಾಡಿ ತೋರಿಸು ಎಂದರೆ ಹೇಗೆ? ಆದರೂ ಏಣಿಯ ಮೆಟ್ಟಿಲಿಗೆ ರಂಗ್ ಎನ್ನುತ್ತಾರೆ ಎಂದು ಹೇಳಿ ಬೆಂಚು ಹತ್ತಿದಳು, ಇಳಿದಳು. ಮೇಜಿನ ಮೇಲೆ ಮಂಡಿಯೂರಿ ಹತ್ತಿ, ಕೈಕಾಲೆಲ್ಲ ಬಳಸಿ ಒದ್ದಾಡಿಕೊಂಡು ಏರುವುದು ಕ್ಲಾಂಬರ್ ಎಂದಳು.

“ಗೊತ್ತಾಯ್ತು! ನಮ್ಮ ಮೇಸ್ತ್ರಿ ಹತ್ತೋದು!”

ಹಗ್ಗ ಹಾಕಿ ರಾಟೆಯಲ್ಲಿ ಎಳೆಯುವುದು ಹಾಯ್ಸ್ಟ್. ಅದು ಆಕೆಗೆ ಒಂದೇ ಸಲಕ್ಕೆ ಬಂತು. ಅಸೆಂಡ್ ಎಂದರೆ ಗಂಭೀರವಾಗಿ ಮೇಲೇರುವುದು ಎಂದಾಗ, “ಸಾಹೇಬರು ಲಿಫ್ಟಲ್ಲಿ ಹೋಗ್ತಾರಲ್ಲ, ಕೈ ಹಿಂದೆ ಕಟ್ಕೊಂಡು, ಅದು,” ಎಂದಳು. ಎಡವಿದ್ದು ಎರಡೇ ಕಡೆ. ತಾನಾಗಿ ಏರುವುದು ರೈಸ್, ಇನ್ನೊಂದನ್ನು ಎತ್ತುವುದು ರೇಸ್.

“ಬೆಲೆ ರೈಸು. ಹೊತ್ತು ರೈಸು. ಯಾರೂ ಕೈ ಹಾಕದೆ ತಾನೇ ಮೇಲೆ ಹೋಗೋದು,” ಟೀಚರ್ ವಿವರಿಸಿದಳು.

“ನಮ್ಮ ಕೂಲಿ?”

“ಅದು... ರೇಸ್. ಯಾರಾದ್ರೂ ಎತ್ತಬೇಕು.”

“ಅದಕ್ಕೇ ಎದ್ದಿಲ್ಲ,” ಎಂದು ಉಡದಕ್ಕ ಪುಸ್ತಕಕ್ಕೆ ಬರೆದುಕೊಂಡಳು. ಆದರೂ ಮರುದಿನ ಎರಡನ್ನೂ ಅದಲುಬದಲು ಮಾಡಿದಳು.

ಎರಡನೇ ವಾರ ಒಂದು ಹೊಸ ಉಪಾಯ ಬಂತು, ದರ್ಜಿಯದು. ಅವನು ಮಂಚ ಹತ್ತಲೂ ನೆಲ ನೋಡಿಕೊಳ್ಳುವ ಪ್ರಾಣಿ ಎಂದು ಉಡದಕ್ಕನೇ ಹೇಳುತ್ತಿದ್ದಳು. ಹೆಂಡತಿ ಕೆಲಸ ಮಾಡುವ ಜಾಗಕ್ಕೆ ಊಟ ತಂದರೆ ಬೀದಿಯ ಆಚೆ ಬದಿಯಲ್ಲೇ ನಿಂತು ಶಿಳ್ಳೆ ಹಾಕುತ್ತಿದ್ದ, ತಲೆಯೆತ್ತಿ ನೋಡುತ್ತಿರಲಿಲ್ಲ. ಆ ದರ್ಜಿ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳ ಮೇಲೆ ಹತ್ತೂ ಪದಗಳನ್ನು ಕೆಂಪು ನೂಲಿನಲ್ಲಿ ಹೊಲಿದುಕೊಟ್ಟ. ಉಡದಕ್ಕ ಅವನ್ನು ಸಾರುವೆಯ ಬುಡದ ಏಣಿಗೆ ಮೆಟ್ಟಿಲಿಗೊಂದರಂತೆ ಕಟ್ಟಿದಳು. ಎಲ್ಲಕ್ಕಿಂತ ಕೆಳಗೆ ಸ್ಟೆಪ್, ಎಲ್ಲಕ್ಕಿಂತ ಮೇಲೆ ಅಸೆಂಡ್. ಪದ ಹೇಳದೆ ಆ ಮೆಟ್ಟಿಲಿಗೆ ಕಾಲಿಡಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ದಿನಕ್ಕೆ ಇಪ್ಪತ್ತು ಸಲ ಹತ್ತುವವಳು, ಇಪ್ಪತ್ತು ಸಲ ಪಾಠ.

“ಏಣಿಗೆ ಲಂಗ ಉಡಿಸಿದಾಳೆ ನೋಡ್ರೋ!” ಎಂದು ಮೇಸ್ತ್ರಿ ನಕ್ಕ.

“ನಿನಗೂ ಒಂದು ಹೊಲಿಸಿ ಕೊಡ್ತೀನಿ, ಮೊದಲು ಅದರ ಮೇಲೆ ಏನಿದೆ ಓದು.”

ಮೇಸ್ತ್ರಿಗೆ ಓದಲು ಬರಲಿಲ್ಲ. ಆದರೆ ಅವನೂ ಪರೀಕ್ಷೆ ಬರೆಯಬೇಕಿತ್ತು. ಆ ದಿನದಿಂದ ಏಣಿಯ ಹತ್ತಿರ ಬಂದಾಗ ಅವನ ತುಟಿಯೂ ಮೆಲ್ಲಗೆ ಅಲ್ಲಾಡುವುದನ್ನು ಟೀಚರ್ ಶಾಲೆಗೆ ಬರುವಾಗ ನೋಡಿದಳು.

ಪರೀಕ್ಷೆ ನಡೆದದ್ದು ಸಾಮಾನಿನ ಶೆಡ್ಡಿನಲ್ಲಿ. ಹನ್ನೊಂದು ಜನ, ಅದರಲ್ಲಿ ಹೆಂಗಸು ಒಬ್ಬಳೇ. ಸಾಹೇಬರು ಗೋಡೆಯ ಮೇಲೆ ಒಂದಾದ ಮೇಲೊಂದರಂತೆ ಹತ್ತು ಚಿತ್ರ ತೋರಿಸಿದರು. ಎಲ್ಲರಿಗೂ ಒಂದೊಂದು ಹಾಳೆ, ಹಾಳೆಯಲ್ಲಿ ಹತ್ತು ಖಾಲಿ ಗೆರೆ. ಮರುದಿನ ಉತ್ತರ ಪತ್ರಿಕೆಗಳನ್ನೆಲ್ಲ ಶೆಡ್ಡಿನ ಹಲಗೆಗೆ ಅಂಟಿಸಿದರು. ಒಂಬತ್ತು ಜನ ಪಾಸು. ಇಬ್ಬರಿಗೆ ಸೊನ್ನೆ: ಉಡದಕ್ಕನಿಗೆ, ಮತ್ತು ಆಕೆಯ ಪಕ್ಕ ಕೂತಿದ್ದ ಮೇಸ್ತ್ರಿಗೆ.

“ನಿನ್ನ ನಂಬಿ ಕೆಟ್ಟೆ ಕಣೇ!” ಎಂದು ಮೇಸ್ತ್ರಿ ಬಾಯಿ ತಪ್ಪಿ ಕೂಗಿದ. ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತು.

ಸುದ್ದಿ ಕೇಳಿ ಟೀಚರ್ ಮೂರು ಮಹಡಿ ಓಡಿ ಇಳಿದು ಬಂದಳು. ಹಾಳೆ ನೋಡಿದಳು. ಅಕ್ಷರ ದುಂಡಗಿತ್ತು, ಪದಗಳೂ ಪರಿಚಿತವೇ. ಆದರೆ ಮೊದಲ ಚಿತ್ರದ ಉತ್ತರ ಕೊನೆಯ ಗೆರೆಯ ಮೇಲಿತ್ತು, ಕೊನೆಯ ಚಿತ್ರದ್ದು ಮೊದಲ ಗೆರೆಯ ಮೇಲೆ. ಆಕೆ ಹಾಳೆಯನ್ನು ಬುಡದಿಂದ ಶುರುಮಾಡಿ ಮೇಲಕ್ಕೆ ಬರೆದಿದ್ದಳು. ಸಾಹೇಬರು ಮೇಲಿಂದ ಕೆಳಕ್ಕೆ ತಾಳೆ ನೋಡಿದ್ದರು. ಒಂದೂ ಕೂಡಿರಲಿಲ್ಲ.

“ಅಕ್ಕಾ, ಕೆಳಗಿಂದ ಯಾಕೆ ಬರೆದ್ರಿ?”

“ಮತ್ತೆ ಎಲ್ಲಿಂದ ಬರೀಲಿ? ಮೊದಲನೇ ಮೆಟ್ಟಿಲು ಕೆಳಗಲ್ವಾ ಇರೋದು?”

“ಅಯ್ಯೋ!” ಎಂದಳು ಟೀಚರ್. ಬೋರ್ಡಿನ ಮೇಲೆ ಬರೆದದ್ದು ತಾನು. ಪುಸ್ತಕದಲ್ಲಿ ಬರೆಸಿದ್ದೂ ತಾನು. ಆದರೆ ಆಕೆ ನಿಜವಾಗಿ ಕಲಿತದ್ದು ಏಣಿಯಿಂದ. ಉತ್ತರ ಪತ್ರಿಕೆ ತುಂಬುವುದು ಹೇಗೆಂದು ಹೇಳಿಕೊಡಬೇಕು ಎಂದು ತನಗೆ ಹೊಳೆದೇ ಇರಲಿಲ್ಲ.

ಸಾಹೇಬರು ಕೆಟ್ಟವರೇನಲ್ಲ. ಟೀಚರ್ ಹೇಳಿದ್ದನ್ನು ಪೂರ್ತಿ ಕೇಳಿದರು. “ಪಾಪ, ಗೊತ್ತಿಲ್ಲದೆ ಮಾಡಿದಾರೆ. ನಾಡಿದ್ದು ಇನ್ನೊಂದು ಸಲ ಬರೀಲಿ, ಮೇಲಿಂದ,” ಎಂದರು. ಮೇಸ್ತ್ರಿ ಕೂಡಲೇ ಒಪ್ಪಿದ, ಏಣಿಯ ಪಟ್ಟಿಗಳನ್ನು ನೋಡಿ ನೋಡಿ ಉರು ಹೊಡೆದು ಮೂರನೇ ದಿನ ಬರೆದ, ಹೇಗೋ ಎಂಟು ತೆಗೆದು ಹಸಿರು ಕಾರ್ಡು ಕೊರಳಿಗೆ ಹಾಕಿಕೊಂಡ.

ಉಡದಕ್ಕ ಬರೆಯಲಿಲ್ಲ.

“ತಪ್ಪು ಮಾಡಿದ್ರೆ ಮತ್ತೆ ಬರೀತೀನಿ ಸಾಹೇಬ್ರೇ. ನಾನು ತಪ್ಪು ಮಾಡಿಲ್ಲ. ಬರೆದದ್ದು ಅಲ್ಲೇ ಇದೆ, ನೋಡಿ.”

“ನಿಯಮ ಅಂತ ಒಂದಿದೆಯಮ್ಮ.”

“ಕೆಳಗಿಂದ ಬರೀಬಾರ್ದು ಅಂತ ನಿಯಮ ಎಲ್ಲಿದೆ? ತೋರ್ಸಿ.”

ಅಂಥ ನಿಯಮ ಎಲ್ಲೂ ಇರಲಿಲ್ಲ. ಯಾರಾದರೂ ಹಾಗೆ ಬರೆಯಬಹುದೆಂದು ಯಾರಿಗೂ ತೋಚಿರಲಿಲ್ಲ. ಇಲ್ಲದ ನಿಯಮವನ್ನು ತೋರಿಸಲಾಗದೆ ಸಾಹೇಬರಿಗೂ ಸಿಟ್ಟು ಬಂತು. “ಹಾಗಾದ್ರೆ ಪೊರಕೆ ತಗೊಳ್ಳಿ,” ಎಂದರು.

ಆಕೆ ಪೊರಕೆಯನ್ನೂ ತೆಗೆದುಕೊಳ್ಳಲಿಲ್ಲ, ಮನೆಗೂ ಹೋಗಲಿಲ್ಲ. ಒಂದು ಗಾರೆ ಬಕೆಟ್ಟನ್ನು ಬೋರಲು ಹಾಕಿ, ಸಾರುವೆಯ ಬುಡದಲ್ಲಿ, ಏಣಿಯ ಪಕ್ಕ ಕೂತಳು. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು, ಮಣಿಕಟ್ಟಿಗೆ ಪಾನಾ. ಬೆಳಿಗ್ಗೆ ಏಳಕ್ಕೆ ಬರುವಳು, ಸಂಜೆ ಐದಕ್ಕೆ ಏಳುವಳು. ದಿನದ ಕೂಲಿ ಇಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಏಣಿಗೆ ಕಟ್ಟಿದ ಬಟ್ಟೆಪಟ್ಟಿಗಳು ಬೇರೆಯವರ ಬೂಟಿನ ಕೆಸರಿಗೆ ಕಪ್ಪಾದವು. ದರ್ಜಿ ಈಗ ಬೀದಿ ದಾಟಿ ಬಂದು ಊಟ ಕೊಡುತ್ತಿದ್ದ. “ನೆಲದ ಮೇಲಿದಾಳಲ್ಲ, ಈಗ ನನಗೇನು ಭಯ?” ಎಂದು ನಗಿಸಲು ನೋಡಿದ. ನಗುತ್ತಿದ್ದಳು. ಆದರೆ ಊಟದ ಡಬ್ಬಿ ಅರ್ಧ ಹಾಗೇ ಮರಳುತ್ತಿತ್ತು.

ಹತ್ತನೇ ದಿನ ಟೀಚರ್ ಇನ್ನೊಂದು ಬಕೆಟ್ಟು ತಂದು ಪಕ್ಕದಲ್ಲಿ ಕೂತಳು.

“ಅಕ್ಕಾ, ಬರೆದುಬಿಡಿ. ಐದು ನಿಮಿಷದ ಕೆಲಸ. ನಿಮಗೆಲ್ಲ ಬರುತ್ತೆ. ಬಗ್ಗಿದ್ರೆ ಸೊಂಟವೇನೂ ಮುರಿಯಲ್ಲ.”

“ನೀವು ಎಷ್ಟು ಸಲ ಬಗ್ಗಿದೀರಿ ಟೀಚರಮ್ಮ?”

ಟೀಚರ್ ಬೆರಳು ಮಡಿಸಿ ಎಣಿಸತೊಡಗಿದಳು. ಲೆಕ್ಕ ಹಾಕಿದರೆ ಬಹಳವಿತ್ತು. ತನ್ನ ಹೆಸರು ತಪ್ಪಾಗಿ ಬರೆದ ಕಾಲೇಜಿನ ಗುಮಾಸ್ತರಿಗೆ ಕ್ಷಮಿಸಿ ಎಂದವಳು ಅವಳು. ಬೇರೆಯವರು ಕಳೆದುಹಾಕಿದ ಅರ್ಜಿಯನ್ನು ಮೂರು ಸಲ ಬರೆದುಕೊಟ್ಟು ಪ್ರತಿ ಸಲವೂ ಧನ್ಯವಾದ ಹೇಳಿದ್ದಳು.

“ಈಗ ಮತ್ತೆ ಬರೆದ್ರೆ ಏನಾಗುತ್ತೆ ಗೊತ್ತಾ?” ಉಡದಕ್ಕ ಮೇಲೆ ನೋಡುತ್ತ ಹೇಳಿದಳು. “ಪಾಪ ಆ ಹೆಂಗಸಿಗೆ ಗೊತ್ತಿರಲಿಲ್ಲ, ನಾವು ಹೇಳ್ಕೊಟ್ವಿ ಅಂತಾರೆ. ಇಪ್ಪತ್ತೆರಡು ವರ್ಷ ಕೆಳಗಿಂದ ಕಟ್ಟಿದೀನಿ. ಅದನ್ನ ತಪ್ಪು ಅಂತ ನನ್ನ ಕೈಯಲ್ಲೇ ಬರೆಸ್ಕೋತಾರೆ. ಬರೆಯಲ್ಲ.”

ಟೀಚರ್ ತಲೆ ತಗ್ಗಿಸಿ ಕೂತಳು. ಬಕೆಟ್ಟಿನ ಎತ್ತರಕ್ಕೆ, ಸರಿಯಾಗಿ ಅವಳ ಕಣ್ಣಿನ ಎದುರಿಗೆ, ಸಾರುವೆಯ ಮೊದಲ ಪೈಪಿಗೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಹಾಳೆ ಕಟ್ಟಿತ್ತು. ದಿನವೂ ಅದರ ಪಕ್ಕವೇ ಹೋಗುತ್ತಿದ್ದರೂ ಓದಿರಲಿಲ್ಲ. ಸಾಹೇಬರ ತಪಾಸಣೆ ಹಾಳೆ. ಎಂಟು ಮಟ್ಟಕ್ಕೆ ಎಂಟು ಸಾಲು. ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಒಂದು, ಎಲ್ಲಕ್ಕಿಂತ ಮೇಲಿನದಕ್ಕೆ ಎಂಟು. ಇವತ್ತಿನ ಸಹಿ ಇನ್ನೂ ಆಗಿರಲಿಲ್ಲ.

“ಅಕ್ಕಾ, ಇದು...”

“ಅದು ಮೊದಲಿಂದ ಹಾಗೇ ಇದೆ. ಅವರು ಕೆಳಗಿಂದ ಬರೀತಾರೆ, ನಾನೂ ಬರೆದೆ.”

“ನೀವು ಯಾಕೆ ಹೇಳಲಿಲ್ಲ?”

“ಯಾರಾದ್ರೂ ಕೇಳಿದ್ರಾ? ‘ಯಾಕೆ ಬರೆದೆ’ ಅಂತ ನೀವು ಕೇಳಿದ್ರಿ, ನಾನು ಹೇಳಿದೆ. ‘ಅಯ್ಯೋ’ ಅಂದ್ರಿ. ಅವರು ‘ಪಾಪ’ ಅಂದ್ರು. ಅಲ್ಲಿಗೆ ಮುಗೀತು.”

ಟೀಚರ್ ಎದ್ದು ನಿಂತಳು. ಆ ಹೊತ್ತಿಗೆ ಸಾಹೇಬರು ಪೆನ್ನು ತೆರೆಯುತ್ತ ಬಂದರು, ಎಂದಿನಂತೆ ಬಗ್ಗಿ ಕೊನೆಯ ಸಾಲಿಗೆ ಪೆನ್ನು ತಾಗಿಸಿದರು.

“ಸರ್, ಮೇಲಿಂದ ಸಹಿ ಮಾಡಿ,” ಎಂದಳು ಟೀಚರ್.

“ಏನಮ್ಮ?”

“ಮೇಲಿನ ಸಾಲಿಂದ ಶುರು ಮಾಡಿ. ಬರೆಯೋದು ಮೇಲಿಂದ ಅಲ್ವಾ?”

“ಮೇಲಿಂದ ಹೇಗಾಗುತ್ತೆ? ಮೊದಲನೇ ಮಟ್ಟ ಗಟ್ಟಿಯಿದೆಯಾ ಅಂತ ನೋಡದೆ ಎಂಟನೇದಕ್ಕೆ ಸಹಿ ಹಾಕಿದ್ರೆ ಜನ...”

ಸಾಹೇಬರು ಅಲ್ಲಿಗೇ ನಿಲ್ಲಿಸಿದರು. ಪೆನ್ನು ಹಾಳೆಯ ಮೇಲೆ ಹಾಗೇ ಇತ್ತು. ಮೇಲೆ ಎರಡನೇ ಮಟ್ಟದಲ್ಲಿ ಪೈಪು ಹಿಡಿದಿದ್ದ ಮೇಸ್ತ್ರಿ ಬಿಗಿಯುವುದನ್ನು ಬಿಟ್ಟು ಕೆಳಗೆ ಬಗ್ಗಿ ನೋಡಿದ.

“ಹೇಳಿ ಸಾಹೇಬ್ರೇ,” ಎಂದಳು ಉಡದಕ್ಕ, ಬಕೆಟ್ಟಿನಿಂದ ಏಳದೆ. “ಜನ ಏನಾಗ್ತಾರೆ?”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, “ಆ ಹತ್ತು ಪದ ಬಾಯಲ್ಲಿ ಹೇಳಿಬಿಡಿ, ಮುಗಿಸೋಣ,” ಎಂದರು.

“ಹೇಳಲ್ಲ. ಬರೆದಿದೀನಿ. ಅದನ್ನ ನೋಡಿ.”

“ಏನು ಹೆಂಗಸಪ್ಪ!” ಎಂದರು ಸಾಹೇಬರು.

“ಉಡ ಸಾರ್,” ಎಂದ ಮೇಲಿನಿಂದ ಮೇಸ್ತ್ರಿ. “ನಾನು ಮೊದಲೇ ಹೇಳಿರ್ಲಿಲ್ವಾ!”

ಸಾಹೇಬರೇ ಶೆಡ್ಡಿಗೆ ಹೋಗಿ ಹಾಳೆ ಕಿತ್ತು ತಂದರು. ಒಂದು ಹಲಗೆಯ ಮೇಲಿಟ್ಟು, ಕೊನೆಯ ಗೆರೆಯಿಂದ ಶುರುಮಾಡಿ, ಒಂದೊಂದಕ್ಕೂ ಪಕ್ಕದಲ್ಲಿ ನಂಬರ್ ಹಾಕುತ್ತ ಮೇಲಕ್ಕೆ ತಿದ್ದಿದರು. ಟೀಚರ್ ಬಗ್ಗಿ ನೋಡುತ್ತಿದ್ದಳು. ಸರಿ, ಸರಿ, ಸರಿ. ಒಂಬತ್ತನೆಯದಕ್ಕೆ ಪೆನ್ನು ನಿಂತಿತು. ಕಂಬಕ್ಕೆ ಹಗ್ಗ ಕಟ್ಟಿ ಇಬ್ಬರು ಎತ್ತಿ ನಿಲ್ಲಿಸುವ ಚಿತ್ರ. ಉಡದಕ್ಕ ರೇಸ್ ಬರೆಯುವ ಬದಲು ಎಂಟನೆಯದರ ಹಾಗೆ ಇದಕ್ಕೂ ರೈಸ್ ಎಂದೇ ಬರೆದಿದ್ದಳು.

“ಇದೊಂದು ತಪ್ಪು,” ಎಂದರು ಸಾಹೇಬರು, ಕೊಂಚ ಸಮಾಧಾನದಿಂದಲೇ. “ಹತ್ತಕ್ಕೆ ಒಂಬತ್ತು.”

ಉಡದಕ್ಕ ಎದ್ದು ಬಂದು ಹಾಳೆ ನೋಡಿದಳು. ಬಹಳ ಹೊತ್ತು ನೋಡಿದಳು.

“ಹೌದು, ಇದು ತಪ್ಪು,” ಎಂದಳು. “ಕಂಬ ತಾನಾಗೇ ಏಳಲ್ಲ. ಪೆನ್ನು ಕೊಡಿ ಸಾಹೇಬ್ರೇ, ಇದನ್ನ ಮತ್ತೆ ಬರೀತೀನಿ.”

“ಬೇಡಮ್ಮ, ಪಾಸಾಗಿದೀರಲ್ಲ.”

“ಬೇಕು. ತಪ್ಪು ಮಾಡಿದ್ರೆ ಬರೀತೀನಿ ಅಂತ ಹೇಳಿರ್ಲಿಲ್ವಾ?”

ಹಲಗೆಯ ಮೇಲೆ ಬಗ್ಗಿ, ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದು, ಆ ಒಂದು ಪದವನ್ನು ಬರೆದಳು. ಪೆನ್ನು ವಾಪಸು ಕೊಟ್ಟಳು. ಬಕೆಟ್ಟನ್ನು ನೆಟ್ಟಗೆ ಮಾಡಿ ಗಾರೆಯವರ ಕಡೆಗೆ ತಳ್ಳಿದಳು. ಕಾರ್ಡು ಕೈಗೆ ಬರಲು ಇನ್ನೂ ಎರಡು ದಿನವಿತ್ತು, ಹಾಗಾಗಿ ಅಂದು ಎರಡನೇ ಮಟ್ಟದವರೆಗೆ ಮಾತ್ರ ಹತ್ತಿದಳು. ಮೇಸ್ತ್ರಿ ಬಿಗಿದಿದ್ದ ಒಂದು ಕ್ಲಾಂಪನ್ನು ಅಲ್ಲಾಡಿಸಿ ನೋಡಿ, ಅವನ ಮುಖ ನೋಡಿ, ಮತ್ತೆ ಬಿಗಿದಳು.

ಮುಂದಿನ ಪರೀಕ್ಷೆಯ ಹಾಳೆಗಳಲ್ಲಿ ಗೆರೆಗಳಿಗೆ ನಂಬರ್ ಬಂದಿತ್ತು. ಅದರ ಮುಂದಿನ ತಿಂಗಳು ಟೀಚರ್ ತನ್ನ ಕಾಲೇಜಿಗೆ ಹೋಗಿ, ಪ್ರಮಾಣಪತ್ರದಲ್ಲಿ ತಪ್ಪಾಗಿದ್ದ ತನ್ನ ಹೆಸರನ್ನು, ಕ್ಷಮಿಸಿ ಎನ್ನದೆ, ಸರಿ ಮಾಡಿಸಿಕೊಂಡು ಬಂದಳು.

ಶಾಲೆಯ ಗೋಡೆಯ ಕೆಲಸ ಮುಗಿದು ಸಾರುವೆ ಬಿಚ್ಚಿದರು. ಬಿಚ್ಚುವುದು ಮೇಲಿಂದ ಕೆಳಕ್ಕೆ. ಕಟ್ಟುವುದು ಈಗಲೂ ಕೆಳಗಿಂದ ಮೇಲಕ್ಕೆ. ಉಡದಕ್ಕ ಈಗ ಊರಿನ ಇನ್ನೊಂದು ತುದಿಯಲ್ಲಿ, ಒಂದು ಕಟ್ಟಡಕ್ಕೆ ಹನ್ನೆರಡು ಮಟ್ಟದ ಸಾರುವೆ ಕಟ್ಟುತ್ತಿದ್ದಾಳೆ. ಬೆಳಿಗ್ಗೆ ಏಳಕ್ಕೆ ಹತ್ತುತ್ತಾಳೆ, ಸಂಜೆ ಐದಕ್ಕೆ ಇಳಿಯುತ್ತಾಳೆ.